ಸದ್ದು ನಿಜವಾ ಎಂದು ಕೇಳಿದವರು

ಹೋದ ತಿಂಗಳು ನವಿ ಮುಂಬಯಿಯ ಸಾನಪಾಡಾದಲ್ಲಿ ಸಿನಿಮಾ ಶಬ್ದದ ತರಗತಿ ನಡೆಸುವವರೊಬ್ಬರು ನನ್ನನ್ನು ಕರೆಸಿದ್ದರು. ಹೊಸಬರಿಗೆ ನಿಮ್ಮ ಕಾಲದ ನಾಲ್ಕು ಮಾತು ಹೇಳಿ ಎಂದರು. ತೆಂಗಿನ ಚಿಪ್ಪು, ಹಳೆ ಬೂಟು, ಒಂದು ಡಜನ್ ಗಾಜಿನ ಬಳೆ ಚೀಲಕ್ಕೆ ತುಂಬಿಕೊಂಡು ಠಾಕುರ್ಲಿಯಿಂದ ಹೊರಟೆ. ಅಲ್ಲಿ ಮೇಜಿನ ಮೇಲೆ ಕುದುರೆ ಓಡಿಸಿದೆ, ಬಿಸ್ಕತ್ತಿನ ಕವರು ಹಿಸುಕಿ ಬೆಂಕಿ ಹಚ್ಚಿದೆ, ಬಳೆ ಅಲ್ಲಾಡಿಸುತ್ತಾ ಹೆಂಗಸೊಬ್ಬಳನ್ನು ಮಹಡಿ ಹತ್ತಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಮುದುಕನ ಆಟ ಚೆನ್ನಾಗಿದೆ ಎಂದು ಮೊಬೈಲಿನಲ್ಲಿ ಹಿಡಿದುಕೊಂಡರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಉಡುಪಿ ಕಡೆಯವರ ಮಗಳಂತೆ, ಕನ್ನಡ ತಿಳಿಯುತ್ತದಂತೆ. ಕೇಳಿದ್ದು ಮಾತ್ರ ಹಿಂದಿಯಲ್ಲಿ. "ಸರ್, ಆಪ್ ಕಾ ವೋ ಲೋಕಲ್ ಟ್ರೇನ್ ವಾಲಾ ಸೀನ್. ಉಸ್ ಕಾ ಸೌಂಡ್ ರಿಯಲ್ ಹೈ ಕ್ಯಾ? ಲೋಗ್ ಅಭೀ ತಕ್ ಲಡ್ತೇ ಹೈಂ." ಆ ಸದ್ದು ನಿಜವಾ, ಜನ ಈಗಲೂ ಅದಕ್ಕೆ ಜಗಳವಾಡುತ್ತಾರೆ ಎಂದು.

"ನನ್ನ ಗಾಡಿಗೆ ಹೊತ್ತಾಯಿತು" ಎಂದು ಎದ್ದುಬಿಟ್ಟೆ. ಹುಡುಗಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಉತ್ತರ ಕೊಡದೆ ಬಂದದ್ದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಉಳಿಯಿತು. ಅದಕ್ಕೆ ಈಗ ಬರೆಯಲು ಕುಳಿತಿದ್ದೇನೆ. ಈ ಕೆಲಸಕ್ಕೆ ಬರುವವರು ಓದಲಿ.

ನನ್ನ ಕೆಲಸಕ್ಕೆ ಸರಿಯಾದ ಕನ್ನಡ ಹೆಸರು ನನಗೆ ಈವರೆಗೆ ಸಿಕ್ಕಿಲ್ಲ. ಪರದೆಯ ಮೇಲೆ ನಟ ನಡೆಯುತ್ತಾನೆ, ಅವನ ಹೆಜ್ಜೆ ನನ್ನದು. ಅವನು ಕುರ್ಚಿ ಎಳೆಯುತ್ತಾನೆ, ಬೀಗ ತೆರೆಯುತ್ತಾನೆ, ಚೂರಿ ಹಾಕುತ್ತಾನೆ, ಆ ಸದ್ದೆಲ್ಲ ನನ್ನದು. ಶೂಟಿಂಗಿನಲ್ಲಿ ಹಿಡಿದ ಸದ್ದು ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ಒಂದು ಸಣ್ಣ ಕೋಣೆಯಲ್ಲಿ ಪರದೆ ನೋಡುತ್ತಾ ನಾವು ಎಲ್ಲವನ್ನೂ ಮತ್ತೆ ಮಾಡುತ್ತೇವೆ. ಕೋಣೆಯ ನೆಲದಲ್ಲಿ ಚೌಕ ಚೌಕ ಗುಂಡಿಗಳು. ಒಂದರಲ್ಲಿ ಮಣ್ಣು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರದ ಹಲಗೆ, ಒಂದರಲ್ಲಿ ಕಡಪ ಕಲ್ಲು. ನಟ ಎಲ್ಲಿ ನಡೆದನೋ ಆ ಗುಂಡಿಯಲ್ಲಿ ನಾವು ನಿಂತಲ್ಲೇ ನಡೆಯಬೇಕು. ಮಾತು ಮಾತ್ರ ನಮ್ಮದಲ್ಲ. ಅದಕ್ಕೆ ಬೇರೆ ಜನ, ಬೇರೆ ಕೋಣೆ. ಒಳಗೆ ಕೆಮ್ಮಿದರೂ ಬೈಗುಳ ಬೀಳುತ್ತಿತ್ತು.

ನಾನು ಈ ಕೋಣೆಗೆ ಬಂದದ್ದು ಚಹಾ ಹಿಡಿದುಕೊಂಡು. ಮುಂಬಯಿ ಪಕ್ಕದ ಠಾಣೆ ಊರಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಹಿಂದಿನ ಕೈಗಾರಿಕಾ ಗಲ್ಲಿಯ ಒಂದು ಗೋದಾಮಿನಲ್ಲಿ ಈ ಸ್ಟುಡಿಯೋ. ಅಲ್ಲಿನ ಯಜಮಾನ ವಾಮನ ಮಾಮ, ಕಾರವಾರದವರು, ಒಂದು ದಿನ ನಾನು ತಟ್ಟೆ ಹಿಡಿದು ಒಳಗೆ ಬಂದದ್ದೇ ಗೊತ್ತಾಗದೆ ಬೆಚ್ಚಿಬಿದ್ದರು. "ಅರೇ, ಇವನ ಕಾಲಿಗೆ ಸದ್ದೇ ಇಲ್ಲ. ಕಳ್ಳನ ಪಾತ್ರಕ್ಕೆ ಇವನನ್ನೇ ನಡೆಸಿ" ಎಂದರು. ಮಾವನಿಗೆ ಒಬ್ಬ ಮಾಣಿ ಕಡಿಮೆಯಾದ. ನಾನು ಮೂವತ್ತೆಂಟು ವರ್ಷ ಆ ಗುಂಡಿಗಳಲ್ಲೇ ನಡೆದೆ.

ವಾಮನ ಮಾಮನ ಕಾಲದಲ್ಲಿ ರೀಲು ಓಡುತ್ತಿತ್ತು, ನಾಲ್ಕು ಜನ ಒಟ್ಟಿಗೆ ನಿಂತು ಸದ್ದು ಮಾಡುತ್ತಿದ್ದೆವು. ಒಬ್ಬ ತಪ್ಪಿದರೆ ರೀಲು ಹಿಂದಕ್ಕೆ ಹೋಗಬೇಕು, ಮಾಮನ ಬಾಯಿಂದ ಕೊಂಕಣಿ ಮುಂದಕ್ಕೆ ಬರಬೇಕು. ಈಗ ಒಬ್ಬನೇ ಮಾಡಬಹುದು, ತಪ್ಪನ್ನು ಕಂಪ್ಯೂಟರಿನಲ್ಲಿ ಸರಿಸಬಹುದು. ಒಳ್ಳೆಯದೇ ಆಯಿತು. ಹಿಂದಿನದೇ ಚಿನ್ನ ಎಂದು ಹೇಳಲು ನಾನು ಕುಳಿತಿಲ್ಲ.

ನಿಜವಾದ ತಲೆನೋವು ಪ್ರೇಕ್ಷಕರದು. ಡೊಂಬಿವಿಲಿಯಲ್ಲಿ ನಮ್ಮ ಕನ್ನಡದವರದ್ದೊಂದು ಸಭಾಂಗಣವಿದೆ. ತಿಂಗಳಿಗೊಂದು ಭಾನುವಾರ ಸಿನಿಮಾ ಹಾಕುತ್ತಾರೆ, ಆಮೇಲೆ ಅವಲಕ್ಕಿ, ಚಹಾ, ಜಗಳ. ಪತ್ತೇದಾರಿ ಸಿನಿಮಾ ಆದರೆ ಜಗಳ ಎರಡರಷ್ಟು. ಅದರಲ್ಲಿ ಇಬ್ಬರು ಖಾಯಂ ಎದುರಾಳಿಗಳು. ಒಬ್ಬರು ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲಿಟ್ಟಿರುವ ಸದಾನಂದ ಶೆಟ್ಟರು. ಇನ್ನೊಬ್ಬರು ವಿಜಯಪುರ ಕಡೆಯ ದೇಶಪಾಂಡೆಯವರು, ಶಹಾಡಿನ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು.

ಶೆಟ್ಟರ ವಾದ ಇಷ್ಟೇ. "ಎಂತ ಮಾರಾಯ್ರೆ, ಇಡೀ ದಿನ ನಿಜವೇ ನೋಡುವುದಲ್ಲವಾ ನಾವು? ಟಿಕೆಟ್ ಕೊಟ್ಟು ಪುನಃ ಅದೇ ನೋಡ್ಲಿಕ್ಕುಂಟಾ? ಗುಂಡು ಹೊಡೆದ್ರೆ ಕುರ್ಚಿ ಅಲುಗಬೇಕು."

ದೇಶಪಾಂಡೆಯವರಿಗೆ ತಪ್ಪು ಹಿಡಿಯುವುದೇ ಹಬ್ಬ. ಹೆಣಕ್ಕೆ ಉಸಿರಾಡುವ ಹೊಟ್ಟೆ, ಒದ್ದೆಯಾಗದ ಮಳೆ, ಚಾರ್ಜು ಮುಗಿಯದ ಫೋನು, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿತ್ತು. ನಾನು ಸಿಕ್ಕರೆ ಕಿವಿಯೂ ಚುರುಕಾಗುತ್ತಿತ್ತು. "ಏನ್ರೀ ರಘುರಾಯರ, ನಿಮ್ಮ ಪಿಸ್ತೂಲು ಗುಡುಗಿದಂಗ ಗುಡುಗ್ತದಲ್ರೀ. ನಮ್ಮ ಕಾಕಾ ಪೊಲೀಸ್ ಇದ್ದಾ, ನಾ ಸಣ್ಣಾಂವಿದ್ದಾಗ ಕೇಳೀನಿ. ಟಪ್ ಅಂತದ, ಮುಗೀತು. ಮಂದಿಗೆ ಸುಳ್ಳ ಯಾಕ ಹೇಳ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಜಾತಿ ನನ್ನದು. ಆ ಮಾತು ಚುಚ್ಚಿತು. ಮುಂದಿನ ಸಿನಿಮಾಕ್ಕೆ ಹೊಸ ನಿರ್ದೇಶಕನ ಕಿವಿ ಊದಿದೆ. ನಿಜವಾದ ಪಿಸ್ತೂಲಿನ ರೆಕಾರ್ಡಿಂಗ್ ತರಿಸಿ, ಒಂದು ಚೂರೂ ಹಿಗ್ಗಿಸದೆ ಹಾಕಿದೆವು. ಮೊದಲ ದಿನ ಕಲ್ಯಾಣದ ಥಿಯೇಟರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ನಾಯಕ ತನ್ನ ಅಣ್ಣನನ್ನೇ ಕೊಲ್ಲುವ ದೃಶ್ಯ. ಟಪ್ ಎಂದಿತು. ಒಂದು ಕ್ಷಣ ಸುಮ್ಮನಿದ್ದ ಥಿಯೇಟರು ಗೊಳ್ಳೆಂದು ನಕ್ಕಿತು. "ಅರೇ ದಿವಾಳೀ ಆಲೀ ಕಾಯ್?" ದೀಪಾವಳಿ ಬಂತೇನೋ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ನಿರ್ಮಾಪಕರು ಮರುದಿನ ನನ್ನನ್ನು ಕರೆಸಿ ಬೆವರಿಳಿಸಿದರು.

ವಾಮನ ಮಾಮ ಆಗಲೇ ಕೆಲಸ ಬಿಟ್ಟಿದ್ದರು. ಡೊಂಬಿವಿಲಿಯ ಮನೆಗೆ ಹೋಗಿ ಹೇಳಿಕೊಂಡೆ. ಬಹಳ ಹೊತ್ತು ನಕ್ಕರು. "ಅರೇ ಬಾಬಾ, ಅವರು ಹುಟ್ಟಿದಾರಭ್ಯ ಪಿಸ್ತೂಲು ಕೇಳಿದ್ದು ಸಿನಿಮಾದಲ್ಲಿ ಮಾತ್ರ. ಅವರ ಮಟ್ಟಿಗೆ ನಿಜ ಅಂದ್ರೆ ನಾನು ಮಾಡಿದ್ದು. ನಿನ್ನ ದೇಶಪಾಂಡೆ ಒಬ್ಬನಿಗೋಸ್ಕರ ಸಾವಿರ ಜನರ ನಿಜ ಕೆಡಿಸಿದೆಯಲ್ಲ" ಎಂದರು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. "ಜನರು ನಿಜವಾಗಿ ಕೇಳಿರುವ ಸದ್ದು ಬಂದಾಗ ಮಾತ್ರ ಜಾಗ್ರತೆ. ಅಲ್ಲಿ ಆಟ ಆಡಬೇಡ." ಆಗ ನಾನು ಅದನ್ನು ಕಸುಬಿನ ಕಿವಿಮಾತು ಎಂದುಕೊಂಡೆ.

ಅದೂ ಸತ್ಯವೇ ಎಂದು ಬೇಗ ಗೊತ್ತಾಯಿತು. ಒಂದು ಸಿನಿಮಾದಲ್ಲಿ ಕೊಲೆಗಾರ ಲೋಕಲ್ ಗಾಡಿ ಹತ್ತಿ ತಪ್ಪಿಸಿಕೊಳ್ಳುತ್ತಾನೆ. ದಿಲ್ಲಿಯಿಂದ ಬಂದ ಎಡಿಟರ್, ಪಾಪ, ಅಲ್ಲಿನ ಮೆಟ್ರೊ ನೋಡಿದವನು. ಗಾಡಿ ಹೊರಟಾಗ ಬಾಗಿಲು ಮುಚ್ಚುವ ಸದ್ದು ಸೇರಿಸಿಬಿಟ್ಟ. ನಾನು ಆ ದಿನ ಜ್ವರದಲ್ಲಿ ಮಲಗಿದ್ದೆ, ಕೊನೆಯ ತಪಾಸಣೆ ಮಾಡಲಿಲ್ಲ. ಡೊಂಬಿವಿಲಿಯ ಸಭಾಂಗಣದಲ್ಲಿ ಆ ದೃಶ್ಯ ಬಂದಾಗ ಶೆಟ್ಟರು, ದೇಶಪಾಂಡೆ ಇಬ್ಬರೂ ಒಂದೇ ಪಕ್ಷ. ಜೀವನದಲ್ಲಿ ಮೊದಲ ಸಲ. "ನಮ್ಮ ಲೋಕಲ್ಲಿಗೆ ಬಾಗಿಲು ಯಾವಾಗ ಮುಚ್ಚಿತು ಮಾರಾಯ್ರೆ? ನನಗೆ ಹೇಳ್ಲೇ ಇಲ್ಲ ಯಾರೂ" ಎಂದು ಶೆಟ್ಟರು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ತೆರೆದ ಬಾಗಿಲಲ್ಲಿ ನೇತಾಡಿಕೊಂಡೇ ಹೋಗಿ ಬಂದು ಮುದುಕರಾದವರು ನಾವು. ಅದು ನಗುವ ವಿಷಯ ಎಂದೇ ತಿಳಿದಿದ್ದೆವು.

ಈಗ ಗಿರಿಜಕ್ಕನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಧೈರ್ಯ ಸಾಲದೆ.

ಠಾಕುರ್ಲಿಯಲ್ಲಿ ನಾವಿದ್ದದ್ದು ಮೂರು ಅಂತಸ್ತಿನ ಹಳೆಯ ಕಟ್ಟಡ, ಲಿಫ್ಟಿಲ್ಲ. ನನ್ನ ಮನೆ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ. ಎರಡನೆಯ ಮಹಡಿಯಲ್ಲಿ ಕುಂದಾಪುರ ಕಡೆಯ ಗಿರಿಜಕ್ಕ. ಗಂಡ ತೀರಿಕೊಂಡ ಮೇಲೆ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರಿ ಮಗನನ್ನು ಓದಿಸಿದವರು. ಮಗ ಪ್ರಶಾಂತ ಠಾಣೆಯಲ್ಲಿ ಒಂದು ಕೊರಿಯರ್ ಕಂಪನಿಗೆ ಹೋಗುತ್ತಿದ್ದ. ಮಗಳು ಮದುವೆಯಾಗಿ ನವಿ ಮುಂಬಯಿಯಲ್ಲಿದ್ದಳು.

ನಮ್ಮ ಮೆಟ್ಟಿಲುಗಳು ಕಡಪ ಕಲ್ಲಿನವು. ಬುಡದಿಂದ ಮೂರನೆಯದು ಸಡಿಲವಾಗಿ, ಕಾಲಿಟ್ಟರೆ ಟಕ್ ಎಂದು ಅಲುಗುತ್ತಿತ್ತು. ಸೊಸೈಟಿ ಮೀಟಿಂಗಿನಲ್ಲಿ ರಿಪೇರಿ ಮಾಡಿಸೋಣ ಎಂದು ಹತ್ತು ಸಲ ನಿರ್ಧಾರವಾಗಿತ್ತು. ಪ್ರಶಾಂತ ಬೇಡವೆನ್ನುತ್ತಿದ್ದ. ಸಂಜೆ ಕೆಲಸದಿಂದ ಬಂದವನು ಆ ಕಲ್ಲನ್ನು ಹಿಮ್ಮಡಿಯಿಂದ ಬೇಕೆಂದೇ ಎರಡು ಸಲ ಒತ್ತುತ್ತಿದ್ದ. ಟಕ್, ಟಕ್. ಮೇಲೆ ಗಿರಿಜಕ್ಕ ಅದನ್ನು ಕೇಳಿ ಗ್ಯಾಸ್ ಹಚ್ಚಿ ಕಾವಲಿ ಇಡಬೇಕು. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಅವನು ಮೇಲೆ ತಲುಪಿ, ಚೀಲ ಧೊಪ್ಪನೆ ಇಟ್ಟು ಬೂಟು ಬಿಚ್ಚುವ ಹೊತ್ತಿಗೆ ದೋಸೆ ಚುಂಯ್ ಎನ್ನಬೇಕು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಗಡಿಯಾರ ನೋಡುತ್ತಲೇ ಇರಲಿಲ್ಲ. ಟಕ್ ಟಕ್ ಕೇಳಿದರೆ ದೇವರಿಗೆ ದೀಪ ಹಚ್ಚುತ್ತಿದ್ದಳು.

ಒಂದು ಮಳೆಗಾಲದ ಬೆಳಿಗ್ಗೆ, ಗಾಡಿಗಳೆಲ್ಲ ತಡವಾಗಿ ಓಡುತ್ತಿದ್ದ ದಿನ, ದಿವಾ ಸ್ಟೇಷನ್ ದಾಟುವ ಮೊದಲು ಅವನು ಬಾಗಿಲಿನಿಂದ ಬಿದ್ದ. ಗರ್ದಿಯಲ್ಲಿ ಒಳಗಿನವರು ಒತ್ತಿದರಂತೆ, ಕೈ ಜಾರಿತಂತೆ. ಆಸ್ಪತ್ರೆಗೆ ಗಿರಿಜಕ್ಕನ ಜೊತೆ ಹೋದವನು ನಾನು. ಒಳಗೆ ಹೋಗಿ ಗುರುತು ಹೇಳಿದವನೂ ನಾನೇ. ಅವರನ್ನು ಒಳಗೆ ಬಿಡಲಿಲ್ಲ. ಹೊರಗೆ ಬಂದಾಗ ಅವರು ನನ್ನ ಅಂಗಿಯ ತೋಳು ಹಿಡಿದುಕೊಂಡರು.

"ರಘಣ್ಣ, ಅವನಿಗೆ ತುಂಬ ನೋವಾಯ್ತಾ?"

"ಇಲ್ಲ ಅಕ್ಕ. ಪಕ್ಕದಲ್ಲಿದ್ದವರು ಹೇಳಿದರು. ಒಂದು ಸದ್ದೂ ಆಗಲಿಲ್ಲವಂತೆ. ಅವನಿಗೆ ಗೊತ್ತಾಗುವ ಮೊದಲೇ ಮುಗಿಯಿತಂತೆ."

ಪಕ್ಕದಲ್ಲಿದ್ದ ಯಾರನ್ನೂ ನಾನು ಕಂಡಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಹೇಳುವ ಮಾತದು, ನಾನೂ ಹೇಳಿದೆ. ಈಗಲೂ ಹೇಳುತ್ತೇನೆ. ಗಿರಿಜಕ್ಕ ಆ ಮಾತನ್ನು ಇಟ್ಟುಕೊಂಡರು. ನೆಂಟರು ಬಂದಾಗಲೆಲ್ಲ "ಒಂದು ಸದ್ದೂ ಆಗಲಿಲ್ಲವಂತೆ, ನಮ್ಮ ರಘಣ್ಣನೇ ವಿಚಾರಿಸಿದ್ದಾರೆ" ಎನ್ನುತ್ತಿದ್ದರು. ಅದರ ಮೇಲೆಯೇ ಅವರ ನಿದ್ದೆ ನಿಂತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಎರಡು ಮೂರು ವರ್ಷ ಕಳೆದು, ತರಗತಿಯ ಹುಡುಗಿ ಕೇಳಿದ ಆ ಸಿನಿಮಾ ಬಂತು. ಮನುಷ್ಯರನ್ನು ಲೋಕಲ್ ಗಾಡಿಯಿಂದ ತಳ್ಳಿ ಕೊಲ್ಲುವವನ ಕಥೆ. ನಿರ್ದೇಶಕ ಮೂವತ್ತರ ಒಳಗಿನವನು, ಬುದ್ಧಿವಂತ, ಮರ್ಯಾದಸ್ಥ. ಸಂಗೀತ ಇಡುವುದಿಲ್ಲ ಅಂಕಲ್, ಬರೀ ನಿಮ್ಮ ಸದ್ದು ಎಂದ. ಈ ಕಸುಬಿನವನಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ನನ್ನ ತಲೆ ತಿರುಗಿತು. ರೈಲು ಹಳಿಗೆ ಹಾಕುವಂಥ ಕರಿ ಜಲ್ಲಿಯನ್ನೇ ತರಿಸಿ ಗುಂಡಿ ತುಂಬಿಸಿದೆ. ಒದ್ದೆ ಗೋಣಿಯಲ್ಲಿ ದೊಡ್ಡ ಸಿಹಿಗುಂಬಳ ಸುತ್ತಿ, ಮೇಲೆ ಹಳೆ ಜೀನ್ಸ್ ಪ್ಯಾಂಟು ಬಿಗಿದು, ಏಣಿ ಮೇಲಿಂದ ಬಿಟ್ಟೆ. ಬಿದ್ದ ಸದ್ದು, ಉರುಳಿದ ಸದ್ದು, ಜಲ್ಲಿ ಸರಿದ ಸದ್ದು.

"ಅಂಕಲ್, ಏಕ್ ಔರ್. ಥೋಡಾ ಲಂಬಾ."

ಇನ್ನೊಂದು ಮಾಡಿದೆ. ಇನ್ನೂ ಉದ್ದ ಮಾಡಿದೆ. ಕೊನೆಗೆ ನುಗ್ಗೆಕಾಯಿ ಕಟ್ಟನ್ನು ಬಟ್ಟೆಯೊಳಗೆ ಮುರಿದು ಸೇರಿಸಿದೆ. ಅದನ್ನು ಕೇಳಿ ಹುಡುಗ ಕಣ್ಣು ಮುಚ್ಚಿಕೊಂಡ. ಆಯಿತು ಎಂದ. ನನಗೆ ಆ ಹೊತ್ತಿನಲ್ಲಿ ಬೇರೇನೂ ನೆನಪಾಗಲಿಲ್ಲ. ಕೆಲಸದಲ್ಲಿ ಕಣ್ಣು ಪರದೆಯ ಮೇಲಿರುತ್ತದೆ, ಕಿವಿ ಹೆಡ್‌ಫೋನಿನಲ್ಲಿ. ಸಂಜೆ ಠಾಕುರ್ಲಿಗೆ ಬಂದು ಮೂರನೆಯ ಮೆಟ್ಟಿಲನ್ನು ನೋಡಿದಾಗ ನೆನಪಾಯಿತು. ಸಿನಿಮಾ ತಾನೇ, ಗಿರಿಜಕ್ಕ ಎಲ್ಲಿ ನೋಡುತ್ತಾರೆ ಎಂದು ಒಳಗೆ ಹೋದೆ.

ಸಿನಿಮಾ ಓಡಿತು. ಆ ಸದ್ದಿನ ಬಗ್ಗೆ ಜನ ಮೊಬೈಲಿನಲ್ಲಿ ಕಿತ್ತಾಡಿದರು. ಕೇಳಿ ವಾಂತಿ ಬಂತು, ಇದಕ್ಕಿಂತ ನಿಜ ಸಾಧ್ಯವಿಲ್ಲ ಎಂದು ಕೆಲವರು. ಗಾಡಿಯ ಗದ್ದಲದಲ್ಲಿ ಅಷ್ಟು ಕೇಳಿಸಲು ಸಾಧ್ಯವೇ ಇಲ್ಲ, ಬರೀ ಬಿಲ್ಡಪ್ ಎಂದು ಕೆಲವರು. ನನ್ನ ಹೆಸರೂ ಅಲ್ಲಿ ಇಲ್ಲಿ ಬಂತು. ಡೊಂಬಿವಿಲಿಯವರು ಮುಂದಿನ ಭಾನುವಾರಕ್ಕೆ ಅದನ್ನೇ ಇಟ್ಟು, ನನಗೊಂದು ಶಾಲು ಹೊದಿಸುವುದು ಎಂದು ನಿಶ್ಚಯಿಸಿದರು.

ಗಿರಿಜಕ್ಕ ಅಲ್ಲಿಗೆ ಬರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹೆಂಗಸರ ಭಜನೆಗೆ ಬಂದವರು, ನಮ್ಮ ರಘಣ್ಣನಿಗೆ ಸನ್ಮಾನವಂತೆ ಎಂದು ಕೇಳಿ ಖುಷಿಯಿಂದ ಹಿಂದೆ ಬಂದು ಕುಳಿತಿದ್ದರು. ಕತ್ತಲಲ್ಲಿ ನಾನು ನೋಡಲಿಲ್ಲ. ದೀಪ ಹಾಕಿದ ಮೇಲೂ ಶಾಲು ಸರಿಮಾಡಿಕೊಳ್ಳುವ ಗಡಿಬಿಡಿಯಲ್ಲಿದ್ದೆ.

ಅವಲಕ್ಕಿ ತಟ್ಟೆ ಕೈಗೆ ಬರುವ ಮೊದಲೇ ಶೆಟ್ಟರು ಶುರು ಮಾಡಿದರು. "ರಘಣ್ಣ, ನಿಮ್ಮ ಕೆಲಸಕ್ಕೆ ಕೈ ಮುಗಿದೆ. ಆದ್ರೆ ಇಷ್ಟು ಬೇಡ ಮಾರಾಯ್ರೆ. ಬಿದ್ರೆ ಅಷ್ಟೆಲ್ಲ ಸದ್ದು ಆಗುದಿಲ್ಲ. ಸುಮ್ಮನೆ ಹೆದರಿಸ್ಲಿಕ್ಕೆ ಮಾಡಿದ್ದು."

"ಆಗಂಗಿಲ್ಲ ಅಂತ ನಿಮಗ ಯಾರ ಹೇಳಿದ್ರೀ?" ದೇಶಪಾಂಡೆಯವರು ಚಹಾದ ಕಪ್ಪು ಕೆಳಗಿಟ್ಟರು. "ನಾ ಮುಂಬ್ರಾ ಪ್ಲಾಟ್‌ಫಾರ್ಮಿನ್ಯಾಗ ನಿಂತಾಗ ನನ್ನ ಕಣ್ಣ ಮುಂದ ಒಬ್ಬಾಂವ ಬಿದ್ದಾನ. ಗಾಡಿ ಸಪ್ಪಳದಾಗೂ ಕೇಳ್ತದರೀ. ರಘುರಾಯರು ಮಾಡಿದ್ದು ಥೇಟ್ ಹಂಗ ಅದ. ಜಲ್ಲಿ ಸರದದ್ದು ಸೈತ. ಇಷ್ಟು ವರ್ಷದಾಗ ಇದೊಂದ ಸಪ್ಪಳ ಖರೇ ಮಾಡ್ಯಾರ."

ಅವರ ಬಾಯಿಂದ ಹೊಗಳಿಕೆ ಕೇಳಿದ್ದು ಅದೇ ಮೊದಲು. ನನಗೆ ಹಿಗ್ಗಾಯಿತು.

ಶೆಟ್ಟರು ಬಿಡಲಿಲ್ಲ, ದೇಶಪಾಂಡೆ ಬಿಡಲಿಲ್ಲ. ಮೊದಲು ಎಲ್ಲಿ ಬಡಿಯುತ್ತದೆ, ಎಷ್ಟು ದೂರ ಉರುಳುತ್ತದೆ, ಕೂಗಲು ಸಮಯವಿರುತ್ತದಾ ಇಲ್ಲವಾ ಎಂದು ಮಾತು ಬೆಳೆಯಿತು. ಹಿಂದಿನಿಂದ ಒಂದು ಧ್ವನಿ ಬಂದಾಗ ಎಲ್ಲರೂ ತಿರುಗಿದರು. ಗಿರಿಜಕ್ಕ ನಿಂತಿದ್ದರು.

"ರಘಣ್ಣ, ಇವರಲ್ಲಿ ಯಾರು ಹೇಳುದು ಸರಿ?"

ಶೆಟ್ಟರು ತಲೆ ತಗ್ಗಿಸಿದರು. ಅವರಿಗೆ ವಿಷಯ ಗೊತ್ತಿತ್ತು. ದೇಶಪಾಂಡೆಯವರು ಡೊಂಬಿವಿಲಿಯ ಇನ್ನೊಂದು ಬದಿಯವರು, ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು ಮಾತಿಗೆ ಬಾಯಿ ತೆರೆದವರನ್ನು ಶೆಟ್ಟರು ಕೈ ಹಿಡಿದು ಕೂರಿಸಿದರು.

"ಸಿನಿಮಾ ಅಲ್ಲವಾ ಅಕ್ಕ" ಎಂದೆ. "ಎಲ್ಲ ಸುಳ್ಳು."

"ಇದು ಸುಳ್ಳಾ, ಅವತ್ತು ನನಗೆ ಹೇಳಿದ್ದು ಸುಳ್ಳಾ?"

ನನಗೆ ಶಾಲು ಭಾರವಾಯಿತು. ತೆಗೆದು ಮಡಚತೊಡಗಿದೆ. ಅವರು ಭಜನೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದರು. ಯಾರೂ ಅವಲಕ್ಕಿ ಮುಟ್ಟಲಿಲ್ಲ. ದೇಶಪಾಂಡೆಯವರು ಮರುದಿನ ನನ್ನ ಮನೆಗೆ ಬಂದು, "ನಾ ಬಾಯಿ ಮುಚ್ಚಿಕೊಂಡಿದ್ರ ಆಗ್ತಿತ್ರೀ" ಎಂದು ಕುಳಿತರು. ಮೇಲೆ ಹೋಗಿ ಕ್ಷಮೆ ಕೇಳಲೇ ಎಂದರು. ಬೇಡ ಎಂದೆ. ಆಮೇಲೆ ಅವರು ಸಭಾಂಗಣದಲ್ಲಿ ತಪ್ಪು ಹಿಡಿಯುವುದನ್ನೇ ಬಿಟ್ಟರು. ಅದೂ ನನಗೆ ಬೇಸರವೇ. ಅವರ ಜಗಳವಿಲ್ಲದೆ ಆ ಭಾನುವಾರಗಳು ಸಪ್ಪೆಯಾದವು.

ವಾರದಲ್ಲಿ ಗಿರಿಜಕ್ಕನ ಮುಖ ಇಳಿದುಹೋಯಿತು. ರಾತ್ರಿಯಿಡೀ ಮೇಲೆ ದೀಪ ಉರಿಯುತ್ತದೆ ಎಂದು ಹೆಂಡತಿ ಹೇಳಿದಳು. ಆಗ ನಾನು ಒಂದು ಮೂರ್ಖ ಉಪಾಯ ಮಾಡಿದೆ. ನಮ್ಮ ಕಸುಬಿನವನಿಗೆ ಮಾತ್ರ ಹೊಳೆಯುವ ಉಪಾಯ. ಹೇಗೆ ಮಾಡಿದ್ದೆಂದು ತೋರಿಸಿಬಿಟ್ಟರೆ ಹೆದರಿಕೆ ಹೋಗುತ್ತದೆ, ಹೊಸಬರಿಗೆ ಹಾಗೇ ತಾನೆ ನಾವು ತೋರಿಸುವುದು. ಒಂದು ಸಿಹಿಗುಂಬಳ, ಗೋಣಿ, ನುಗ್ಗೆಕಾಯಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಅಡುಗೆಮನೆಯ ನೆಲದಲ್ಲಿ ಗೋಣಿ ಹಾಸಿ, ನೋಡಿ ಅಕ್ಕ, ಇಷ್ಟೇ ಇದು, ಎಂದು ನುಗ್ಗೆಕಾಯಿ ಮುರಿದೆ.

ಅವರು ಮುರಿದ ತುಂಡುಗಳನ್ನು ಹೆಕ್ಕಿ ಮೊರಕ್ಕೆ ಹಾಕಿದರು. ಕುಂಬಳಕಾಯಿಯ ಧೂಳು ಸೆರಗಿನಿಂದ ಒರೆಸಿ ಬದಿಗಿಟ್ಟರು. ಆಮೇಲೆ ಕೇಳಿದರು.

"ಇಷ್ಟೆಲ್ಲ ಮಾಡ್ಲಿಕ್ಕೆ ಬರ್ತದಲ್ಲ ನಿಮಗೆ. ಅವನು ಮೆಟ್ಟಿಲು ಹತ್ತಿ ಬರುವ ಸದ್ದು ಬರ್ತದಾ?"

ನಾನು ಗಾಬರಿಯಾದೆ. "ಅದೆಲ್ಲ ಬೇಡ ಅಕ್ಕ. ಅದು ಸುಳ್ಳಾಗ್ತದೆ."

"ಸುಳ್ಳೇ ಸಾಕು ಮಾರಾಯ್ರೆ. ನಿಜ ತಂದುಕೊಡಿ ಅಂತ ಕೇಳಿದೆನಾ? ಆ ಸಿನಿಮಾ ನೋಡಿದ ಮೇಲೆ ಕಿವಿಯಲ್ಲಿ ಅದೊಂದೇ ಉಳಿದಿದೆ. ಅವನು ಮನೆಗೆ ಬರ್ತಿದ್ದ ಸದ್ದು ನೆನಪು ಮಾಡ್ಲಿಕ್ಕೆ ಹೋದ್ರೆ ಇದೇ ಬರ್ತದೆ."

ಆಗಲೇ ಮಾಡಬೇಕಿತ್ತು. ಆ ಹೊತ್ತಿಗೇ ಕೆಳಗಿಳಿದು ಮೂರನೆಯ ಕಲ್ಲು ಒತ್ತಬೇಕಿತ್ತು. ಹೋದವರ ಹೆಜ್ಜೆ ಹಾಕುವುದು ಅಶುಭ ಎಂದೋ, ಅವರ ತಲೆ ಕೆಟ್ಟೀತು ಎಂದೋ, ನೋಡೋಣ ಅಕ್ಕ ಎಂದು ಜಾರಿಕೊಂಡೆ. ಸಾಲದ್ದಕ್ಕೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಉಪದೇಶವನ್ನೂ ಮಾಡಿದೆ. ಅಪರಿಚಿತ ನಿರ್ದೇಶಕ ಇನ್ನೊಂದು, ಇನ್ನೂ ಉದ್ದ ಎಂದಾಗ ಮರುಮಾತಿಲ್ಲದೆ ಮಾಡಿದವನು ನಾನು.

ಅದಾದ ಮೇಲೆ ಕೈಗೆ ಬಂದ ಕೊಲೆಯ ಸಿನಿಮಾ ಎರಡನ್ನು ಬೇಡವೆಂದೆ. ಮೊಣಕಾಲು ನೋವು ಎಂದು ಕಾರಣ ಕೊಟ್ಟು ಕೆಲಸವನ್ನೇ ಬಿಟ್ಟೆ. ಮೊಣಕಾಲು ನೋಯುತ್ತಿದ್ದದ್ದು ನಿಜವೇ. ಗಿರಿಜಕ್ಕ ಮೆಟ್ಟಿಲಲ್ಲಿ ಸಿಕ್ಕರೆ "ಊಟ ಆಯ್ತಾ" ಎನ್ನುವರು, ನಾನು "ಆಯ್ತು" ಎನ್ನುವೆ. ಮತ್ತೆ ಅವರು ಕೇಳಲಿಲ್ಲ.

ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆದೇ ಇತ್ತು. ಕಳೆದ ವರ್ಷ ಸಹಿಯಾಯಿತು, ಎಲ್ಲರೂ ಖಾಲಿ ಮಾಡಬೇಕು ಎಂದರು. ಗಿರಿಜಕ್ಕ ಮಗಳ ಮನೆಗೆ ಹೊರಟರು. ನಾವು ನಿಲ್ದಾಣದ ಆಚೆಗೆ ಬಾಡಿಗೆಗೆ. ಬಿಲ್ಡರನ ಹುಡುಗರು ಬಂದು ಗೋಡೆಗೆ ಗುರುತು ಹಾಕಿ, ಮೊದಲು ಮೆಟ್ಟಿಲು ತೆಗೀತೇವೆ ಅಂಕಲ್ ಎಂದರು. ಸ್ಟುಡಿಯೋದ ಗುಂಡಿಯಲ್ಲಿ ಎಷ್ಟು ಕಡಪ ತುಂಬಿಸಿದರೂ ಆ ಟಕ್ ಬರುವುದಿಲ್ಲ. ಅದು ಆ ಒಂದು ಕಲ್ಲಿನದು.

ಅವರು ಹೊರಡುವ ಹಿಂದಿನ ದಿನ ಮೇಲೆ ಹೋದೆ. ಸಾಮಾನೆಲ್ಲ ಕಟ್ಟಿಟ್ಟಿದ್ದರು. ಗ್ಯಾಸು, ಕಾವಲಿ, ಹಿಟ್ಟಿನ ಪಾತ್ರೆ ಮಾತ್ರ ಹೊರಗಿತ್ತು. "ಅಕ್ಕ, ಅವನ ಬೂಟು ಉಂಟಾ?" ಎಂದೆ.

ಅವರು ಕಟ್ಟಿದ ರಟ್ಟಿನ ಪೆಟ್ಟಿಗೆಯ ಹಗ್ಗ ಬಿಚ್ಚಿ ಒಂದು ಜೊತೆ ಹಳೆ ಕರಿ ಬೂಟು ತೆಗೆದುಕೊಟ್ಟರು. ನನಗೆ ಸ್ವಲ್ಪ ಬಿಗಿ. "ಬಾಗಿಲು ಹಾಕಿಕೊಳ್ಳಿ" ಎಂದೆ. ಹಾಕಿಕೊಂಡರು.

ಕೆಳಗೆ ಬಂದೆ. ಸಂಜೆಯಾಗಿತ್ತು. ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಹುಡುಗನ ನಡೆ ನನಗೆ ಬಾಯಿಪಾಠವಿತ್ತು. ಎಡಗಾಲು ಮೊದಲು, ಹಿಮ್ಮಡಿ ಒತ್ತಿ, ಎರಡು ಸಲ. ಟಕ್, ಟಕ್. ಆಮೇಲೆ ಎರಡೆರಡು ಮೆಟ್ಟಿಲು. ಮೊಣಕಾಲು ಬೆಂಕಿಯಾಯಿತು. ಮೊದಲ ಮಹಡಿಯ ತಿರುವಿನಲ್ಲಿ ಅವನು ಕಂಬಿ ಹಿಡಿದು ತಿರುಗುತ್ತಿದ್ದ, ಕಂಬಿ ಕಿರ್ ಎನ್ನುತ್ತಿತ್ತು. ಅದನ್ನೂ ಬಿಡಲಿಲ್ಲ. ಮೇಲೆ ಹೋಗಿ ನನ್ನ ಚೀಲವನ್ನು ಧೊಪ್ಪನೆ ಇಟ್ಟೆ. ಬೂಟು ಬಿಚ್ಚಿ ಒಂದರ ಪಕ್ಕ ಒಂದು ಹಾಕಿದೆ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ನಡೆದದ್ದಿಲ್ಲ.

ಒಳಗೆ ಗ್ಯಾಸಿನ ಲೈಟರು ಟಿಕ್ ಟಿಕ್ ಎಂದದ್ದು ಆಗಲೇ ಕೇಳಿತ್ತು. ಈಗ ದೋಸೆ ಚುಂಯ್ ಎಂದಿತು. ಬಾಗಿಲ ಹಿಂದಿನಿಂದ ಗಿರಿಜಕ್ಕ ಕರೆದರು. ನನ್ನೊಡನೆ ಮಾತಾಡುವ ಧ್ವನಿ ಅದಾಗಿರಲಿಲ್ಲ.

"ಬಂದ್ಯಾ ಮಗ? ಇವತ್ತೆಂತ ಇಷ್ಟು ತಡ?"

ಉಸಿರು ಬಿಗಿಹಿಡಿದು ನಿಂತೆ. ಕೋಣೆಯಲ್ಲಿ ಇಷ್ಟು ವರ್ಷ ನಿಂತದ್ದು ಹಾಗೆಯೇ. ಮಾತಿಗೆ ಬೇರೆಯವರಿರುತ್ತಾರೆ, ಅವರು ಹೇಳುತ್ತಾರೆ ಎಂಬ ಅಭ್ಯಾಸ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಅಕ್ಷರ ಸಾಕಿತ್ತು. ಅವರು ಇನ್ನೊಮ್ಮೆ ಕರೆಯಲಿಲ್ಲ. ದೋಸೆ ಮಗುಚಿದ್ದು ಕೇಳಿಸಿತು, ಗ್ಯಾಸು ಆರಿಸಿದ್ದು ಕೇಳಿಸಿತು.

ಬಾಗಿಲು ತೆರೆದಾಗ ಅವರ ಕೈಯಲ್ಲಿ ತಟ್ಟೆಯಿತ್ತು. ಕಣ್ಣು ಒದ್ದೆಯಾಗಿತ್ತು, ಮುಖ ಶಾಂತವಾಗಿತ್ತು.

"ಎಲ್ಲ ಸರಿಯಿತ್ತು ರಘಣ್ಣ" ಎಂದರು. "ಕೊನೆಗೆ ಅವನು ಹೂಂ ಅಂತಿದ್ದ. ನೀವು ಅನ್ಲಿಲ್ಲ."

ತಟ್ಟೆ ನನ್ನ ಕೈಗೆ ಕೊಟ್ಟರು. ಖಾಲಿ ಮನೆಯ ನೆಲದಲ್ಲಿ ಕುಳಿತು ದೋಸೆ ತಿಂದೆ. ಅವರು ಬೂಟನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಹಗ್ಗ ಕಟ್ಟಿದರು.